ಹಾಲಿಗೆ ಒಂದು ನಿಮಿಷ, ರಕ್ತಕ್ಕೆ ನಾಲ್ಕು ದಿನ

ದಂಡ ತೆತ್ತವರು ಇಬ್ಬರು: ನನ್ನ ಅತ್ತಿಗೆ, ಮತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳ ಮಗಳು. ರಕ್ತ ಪರೀಕ್ಷಿಸುವ ಮೀಟರನ್ನು ಹಂಚಿ, ಅದಕ್ಕೆ ಬೇಕಾದ ಸ್ಟ್ರಿಪ್ ಕಳಿಸುವುದನ್ನು ಬಿಟ್ಟವರು ಏನನ್ನೂ ತೆರಲಿಲ್ಲ. ಅವಳ ಫಲಿತಾಂಶವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ತೆರೆದು ನೋಡದೆ ಊರೂರು ಅಲೆದ ನಾನೂ ತೆರಲಿಲ್ಲ. ಇದನ್ನು ಮೊದಲು ಹೇಳದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ದಿಬ್ಬೂರಹಳ್ಳಿಯ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ಊರು. ನಾನು ಚಿಕ್ಕಬಳ್ಳಾಪುರದಲ್ಲಿ ಪಾಠ ಹೇಳುತ್ತೇನೆ, ಬಿಡುವಿನಲ್ಲಿ ಹೆಂಗಸರ ಆರೋಗ್ಯದ ಸಭೆಗಳಲ್ಲಿ ಭಾಷಣ ಮಾಡುತ್ತೇನೆ. ರಜೆ ಸಿಕ್ಕಾಗಲೆಲ್ಲ ಅಣ್ಣನ ಮನೆಗೆ ಹೋಗುತ್ತೇನೆ. ಆ ಭಾನುವಾರ ಬೆಳಿಗ್ಗೆ ಅತ್ತಿಗೆಯ ಕೈಯಿಂದ ಹಾಲಿನ ಕ್ಯಾನು ಕಿತ್ತುಕೊಂಡು ಡೇರಿಗೆ ಹೊರಟೆ. ಅವಳು ಏಳು ತಿಂಗಳು ತುಂಬಿದ ಬಸುರಿ. ಬೇಡವೆಂದರೂ ಹಿಂದೆಯೇ ಬಂದಳು. ಅಷ್ಟು ಹತ್ತಿರದ ದಾರಿಯಲ್ಲಿ ಎರಡು ಸಲ ನಿಂತು ಉಸಿರೆಳೆದುಕೊಂಡಳು.

ಡೇರಿಯ ಕಾರ್ಯದರ್ಶಿ ನಮ್ಮ ಹಾಲಿನಲ್ಲಿ ಸ್ವಲ್ಪ ತೆಗೆದು ಯಂತ್ರದ ಕೊಳವೆಗೆ ಹಿಡಿದ. ಒಂದು ನಿಮಿಷವೂ ಆಗಿರಲಿಲ್ಲ, ಕೆಂಪು ಅಂಕಿಗಳು ಮೂಡಿದವು.

"ಏಮಮ್ಮಾ ಮೇಡಂ, ಹಸೂಗೆ ಹಿಂಡಿ ಹಾಕ್ತಿದೀರೋ, ಭಾಷಣ ಹಾಕ್ತಿದೀರೋ? ಫ್ಯಾಟು ಮೂರೂ ಒಂದಕ್ಕೆ ಇಳ್ದೈತೆ."

"ಮೊನ್ನೆ ಮೂರೂ ಆರಿತ್ತಲ್ಲಣ್ಣ?" ಅಂದಳು ಅತ್ತಿಗೆ.

"ಮಿಶಿನ್ನೇನು ನಿಮ್ಮತ್ತೇನಾ, ಸುಳ್ಳು ಹೇಳಕ್ಕೆ? ಮಿನರಲ್ ಪುಡಿ ತಗೊಂಡೋಗಮ್ಮ, ಸಂಜೆಗೇ ಹಾಕು. ಗಬ್ಬದ ಹಸು ಅದು, ಸುಮ್ನೆ ಬಿಡಬ್ಯಾಡ."

ಅತ್ತಿಗೆ ನಕ್ಕು, ಖಾಲಿ ಕ್ಯಾನನ್ನು ಬೋರಲು ಹಾಕಿ ಅದರ ಮೇಲೇ ಕುಳಿತಳು. ನಾನು ಅವಳ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ.

"ನಿನ್ ರಕ್ತಾನೂ ಒಂದ್ ಚಮಚ ಇದಕ್ಕೇ ಹಾಕ್ಸಣ ಬಾ ಅತ್ತಿಗೆ," ಎಂದೆ.

"ಹಾಕ್ಸು. ಡಿಗ್ರಿ ಕಮ್ಮಿ ಬಂದ್ರೆ ನಿಮ್ಮಣ್ಣ ವಾಪಸ್ ಕಳಿಸ್ಬಿಟ್ಟಾನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದಿನಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಗಬ್ಬದ ಹಸುವಿಗೆ ದಿನಕ್ಕೆರಡು ಸಲ ಪರೀಕ್ಷೆ, ನಿಂತಲ್ಲೇ ಉತ್ತರ, ಸಂಜೆಯೊಳಗೆ ಔಷಧ. ಅದರ ಹಾಲು ಕರೆಯುವ ಬಸುರಿಗೆ ಏನಿದೆ ಎಂದು ಕೇಳಲು ಮಾರನೆಯ ಬೆಳಿಗ್ಗೆಯೇ ಅವಳನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆದೊಯ್ದೆ.

ಅಲ್ಲಿಯೂ ಯಂತ್ರವಿತ್ತು. ನರ್ಸಮ್ಮ ಕಪಾಟಿನ ಬೀಗ ತೆಗೆದು ಅಂಗೈಯಗಲದ ಮೀಟರನ್ನು ನನ್ನ ಕೈಗೇ ಕೊಟ್ಟರು. ಬೆರಳ ತುದಿಯ ಒಂದು ಹನಿಯನ್ನು ಸ್ಟ್ರಿಪ್ ಎಂಬ ಸಣ್ಣ ಪಟ್ಟಿಗೆ ಮುಟ್ಟಿಸಿದರೆ ಹಿಮೋಗ್ಲೋಬಿನ್ ಎಷ್ಟೆಂದು ಅಲ್ಲೇ ತೋರಿಸುವಂಥದು.

"ಜೊತೇಲಿ ಬಂದ ಸ್ಟ್ರಿಪ್ಪು ಎರಡೇ ತಿಂಗಳಿಗೆ ಮುಗುದ್ವು ಮೇಡಂ. ಬರೆದ್ ಬರೆದ್ ಕಳಿಸ್ತೀನಿ, ನೋಡಣ ಅಂತಾರೆ. ಸ್ಟ್ರಿಪ್ಪಿಲ್ದೆ ಇದನ್ನಿಟ್ಕೊಂಡು ನಾನೇನ್ ಮಾಡ್ಲಿ, ದೀಪ ಹಚ್ಲಾ?"

ಅವರು ಅತ್ತಿಗೆಯ ತೋಳಿನಿಂದ ರಕ್ತ ತೆಗೆದು ಕೊಳವೆಗೆ ತುಂಬಿದರು. ಅದು ಪಟ್ಟಣದ ಲ್ಯಾಬಿಗೆ ಹೋಗಬೇಕು. ವರದಿ ಮೊಬೈಲಿಗೆ ಬರುತ್ತದೆ. ಅಣ್ಣನ ಫೋನು ಸದಾ ಚಾರ್ಜಿಲ್ಲದೆ ಬಿದ್ದಿರುತ್ತದೆಂದು ನಾನೇ ಮುಂದೆ ಬಂದು ನನ್ನ ನಂಬರ್ ಬರೆಸಿದೆ. ಮೊದಲ ಅನ್ಯಾಯ ಸ್ಟ್ರಿಪ್ ಕಳಿಸದವರದು. ಎರಡನೆಯದನ್ನು ನಾನೇ ಕೈಯಾರೆ ಮಾಡಿದೆ: ಅವಳ ರಕ್ತದ ಸುದ್ದಿ ಅವಳಿಗೇ ತಲುಪುವ ದಾರಿಯಲ್ಲಿ ನನ್ನನ್ನು ನಿಲ್ಲಿಸಿಕೊಂಡೆ.

ಹೊರಗೆ ಬಂದ ಮೇಲೆ, ಶಿಡ್ಲಘಟ್ಟಕ್ಕೆ ಹೋಗಿ ಖಾಸಗಿ ಲ್ಯಾಬಿನಲ್ಲಿ ಇವತ್ತೇ ನೋಡಿಸೋಣವೆಂದು ಒತ್ತಾಯಿಸಿದೆ.

"ಹುಳ ಜ್ವರ ಎದ್ದವೆ ಕಣಮ್ಮ. ನಿಮ್ಮಣ್ಣ ಒಬ್ನೇ ಎಷ್ಟಂತ ಸೊಪ್ಪು ಹಾಕ್ತಾನೆ? ಹಣ್ಣಾಗ್ಲಿ, ಚಂದ್ರಿಕೆಗೆ ಬಿಟ್ಮೇಲೆ ನೀನು ಎಲ್ಲಿಗ್ ಕರೆದ್ರೂ ಬರ್ತೀನಿ."

ರೇಷ್ಮೆಹುಳು ಪೊರೆ ಬಿಡಲು ಮೇವು ನಿಲ್ಲಿಸುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಹೋಗುವವರೆಗೆ ಒಂದು ವಾರ ಒಂದೇ ಸಮನೆ ಸೊಪ್ಪು ತಿನ್ನುತ್ತದೆ. ಆ ವಾರ ಹುಳುಮನೆಯ ಹೆಂಗಸು ಬಾಗಿಲು ಬಿಟ್ಟು ಹೋಗುವುದಿಲ್ಲ. ಇದು ನಮ್ಮ ತಾಲ್ಲೂಕಿನ ಪ್ರತಿ ಮನೆಗೂ ಗೊತ್ತು. ರಕ್ತ ಕೊಡಲು ಒಂದು ದಿನ, ವರದಿಗೆ ಇನ್ನೊಂದು ದಿನ, ಡಾಕ್ಟರಿಗೆ ಮತ್ತೊಂದು ದಿನ ಬರಬೇಕೆಂದು ಏರ್ಪಾಡು ಮಾಡಿದವರಿಗೆ ಮಾತ್ರ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ. ಅವಳನ್ನು ಅಜ್ಞಾನಿ, ಅಸಡ್ಡೆಯವಳು ಎಂದು ಆಮೇಲೆ ಕರೆದವರುಂಟು. ಆ ಮಾತೂ ಒಂದು ಅನ್ಯಾಯವೇ.

ಗುರುವಾರ ಸಂಜೆ ನಾನು ಗೌರಿಬಿದನೂರಿನ ಸಭೆಯೊಂದರಲ್ಲಿದ್ದೆ. ವಿಷಯ, ಹಳ್ಳಿಯ ಹೆಂಗಸರ ಆರೋಗ್ಯದ ಹಕ್ಕು. ಫೋನು ಮಿಡಿಯಿತು. ರೀಚಾರ್ಜಿನ, ಸಾಲದ ಆಮಿಷದ ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು, ಒಂದು ಲಿಂಕು. ಒತ್ತಿದರೆ ಒಟಿಪಿ ಕೇಳಿತು. ಒಟಿಪಿ ಬರುವಷ್ಟರಲ್ಲಿ ವೇದಿಕೆಯಿಂದ ನನ್ನನ್ನು ಕರೆದರು. ಮನೆಗೆ ಹೋಗಿ ನೋಡಿದರಾಯಿತು ಎಂದುಕೊಂಡೆ. ಶುಕ್ರವಾರ ಪರೀಕ್ಷೆಯ ಉತ್ತರ ಪತ್ರಿಕೆಗಳಿದ್ದವು.

ಶನಿವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ಅತ್ತಿಗೆ ಸೊಪ್ಪಿನ ಕುಕ್ಕೆಯ ಸಮೇತ ಹುಳುಮನೆಯಲ್ಲಿ ಬಿದ್ದಿದ್ದಳು, ರಕ್ತ ಹೋಗುತ್ತಿತ್ತು. ಆಂಬುಲೆನ್ಸ್ ಚಿಕ್ಕಬಳ್ಳಾಪುರಕ್ಕೆ ಬರುವ ಮೊದಲೇ ನಾನು ಆಸ್ಪತ್ರೆಯ ಗೇಟಿನಲ್ಲಿದ್ದೆ. ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಗೇಟಿಗೆ ಎಷ್ಟು ಸಲ ನಡೆದೆನೋ ತಿಳಿಯದು.

ಸ್ಟ್ರೆಚರಿನ ಪಕ್ಕ ನಡೆಯುತ್ತಲೇ ಡಾಕ್ಟರಮ್ಮ ಕೇಳಿದರು: "ಹಿಮೋಗ್ಲೋಬಿನ್ ಎಷ್ಟಿತ್ತು? ಟೆಸ್ಟ್ ಮಾಡ್ಸಿದ್ರಾ?"

ಆಗ ಲಿಂಕನ್ನು ಮತ್ತೆ ಒತ್ತಿದೆ. ಒಟಿಪಿಗಾಗಿ ಕಾದೆ. ಆರು ಪಾಯಿಂಟ್ ಎರಡು. ವರದಿಯ ತಾರೀಖು ಗುರುವಾರದ್ದು. ಏಳಕ್ಕಿಂತ ಕಡಿಮೆಯಿದ್ದರೆ ಅಂದೇ ಆಸ್ಪತ್ರೆಗೆ ಸೇರಿಸಬೇಕೆಂಬುದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಡಾಕ್ಟರಮ್ಮ ಸಂಖ್ಯೆಯನ್ನು ನೋಡಿದರು, ತಾರೀಖನ್ನು ನೋಡಿದರು. ನನ್ನ ಮುಖ ನೋಡಲಿಲ್ಲ.

ಅತ್ತಿಗೆಗೆ ಮೂರು ಬಾಟಲಿ ರಕ್ತ ಏರಿಸಿದರು. ಅಂದೇ ಹೆರಿಗೆಯಾಯಿತು, ಮಗು ಒಂದೂವರೆ ಕೆಜಿ ಇತ್ತು. ಹತ್ತೊಂಬತ್ತು ದಿನ ಗಾಜಿನ ಆಚೆ ಕೊಳವೆಗಳ ನಡುವೆ ಮಲಗಿತ್ತು. ನಾನು ಆ ಗಾಜಿನ ಮುಂದೆಯೂ ನಿಲ್ಲಲಾರದೆ ಉದ್ದಕ್ಕೂ ನಡೆಯುತ್ತಿದ್ದೆ. ಚಿಂತಾಮಣಿ ಕಡೆಯಿಂದ ಸೊಸೆಯನ್ನು ಕರೆತಂದಿದ್ದ ಅಜ್ಜಿಯೊಬ್ಬರು ಗದರಿಸಿದರು: "ಕೂತ್ಕೊಮ್ಮಾ ತಲ್ಲೀ, ನೀ ನಡೆದ್ರೆ ಕೂಸು ಬೆಳೀತೈತಾ? ನಮ್ ಹುಡುಗೀಗೂ ಹಿಂಗೇ, ರಿಪೋರ್ಟು ಬರೋಷ್ಟ್ರಲ್ಲಿ ಕೂಸೇ ಬಂತು."

ಮಗು ಮನೆಗೆ ಬಂತು. ಬದುಕಿದೆ. ಆದರೆ ದಿನ ತುಂಬದೆ ಹುಟ್ಟಿದ್ದರಿಂದ ತಿಂಗಳಿಗೊಮ್ಮೆ ಕಣ್ಣು ತೋರಿಸಲು ಅದನ್ನು ಕರೆದೊಯ್ಯಬೇಕು. ದೃಷ್ಟಿಯ ಬಗ್ಗೆ ಡಾಕ್ಟರು ಇನ್ನೂ ಏನನ್ನೂ ಖಚಿತವಾಗಿ ಹೇಳಿಲ್ಲ.

ನಾಲ್ಕು ಅರ್ಜಿಗಳ ನಂತರ ಉಪಕೇಂದ್ರಕ್ಕೆ ಸ್ಟ್ರಿಪ್‌ಗಳ ಒಂದು ಡಬ್ಬಿ ಬಂತು. ನರ್ಸಮ್ಮ ಮೀಟರ್ ಹಿಡಿದು ನೇರ ನಮ್ಮ ಹುಳುಮನೆಗೇ ಬಂದರು. ಅತ್ತಿಗೆ ಬಾಗಿಲಲ್ಲೇ ತಡೆದಳು.

"ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಬಾರಕ್ಕ. ನಿನ್ ರೋಗ ನಮ್ ಹುಳಕ್ಕೆ ಬ್ಯಾಡ."

ನರ್ಸಮ್ಮ ಕಾಲು ಅದ್ದಿದರು. ಸೊಪ್ಪಿನ ಹಸಿರು ಹತ್ತಿದ್ದ ಬೆರಳನ್ನು ಅತ್ತಿಗೆ ತೊಳೆದು, ಒರೆಸಿ, ಮುಂದೆ ಚಾಚಿದಳು. ಒಂದು ಚುಚ್ಚು, ಒಂದು ಹನಿ. ನಾವು ಮೂವರೂ ನೋಡುತ್ತಿದ್ದಂತೆ ಅಂಕಿ ಮೂಡಿತು.

"ಹತ್ತೂ ನಾಲ್ಕು," ಅಂದರು ನರ್ಸಮ್ಮ, ಅವಳನ್ನೇ ನೋಡಿ.

"ಡೇರಿಗೆ ಹಾಕ್ಬೋದಾ ಹಂಗಾದ್ರೆ?" ಎಂದು ಅತ್ತಿಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಮೀಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇಷ್ಟೇನಾ? ಇಷ್ಟು ಹೊತ್ತಿನ ಕೆಲ್ಸಾನಾ ಇದು?"

ಅದಕ್ಕೆ ಉತ್ತರಿಸಬೇಕಾದವರು ಅಲ್ಲಿರಲಿಲ್ಲ.

ಇಂದು ಆ ಡಬ್ಬಿಯಲ್ಲಿ ಆರು ಸ್ಟ್ರಿಪ್‌ಗಳಿವೆ. ಆ ಉಪಕೇಂದ್ರಕ್ಕೆ ಸೇರಿದ ಊರುಗಳಲ್ಲಿ ಒಂಬತ್ತು ಮಂದಿ ಬಸುರಿಯರು ಇದ್ದಾರೆ. ಅವರಲ್ಲಿ ಐವರ ಮನೆಯಲ್ಲಿ ಹುಳು ಮೂರನೆಯ ಜ್ವರದಲ್ಲಿವೆ. ಸ್ಟ್ರಿಪ್ ಖರೀದಿಗೆ ಸಹಿ ಹಾಕುವ, ಅವನ್ನು ಹಂಚುವ ಅಧಿಕಾರಿಗಳೇ, ಇದು ನಿಮಗೆ. ಆ ಹುಳು ನಾಲ್ಕನೆಯ ಜ್ವರ ಏಳುವ ಮೊದಲು ಸ್ಟ್ರಿಪ್ ಕಳಿಸಿ. ಪ್ರತಿ ಉಪಕೇಂದ್ರದಲ್ಲಿಯೂ ಮೂರು ತಿಂಗಳಿಗೆ ಸಾಲುವಷ್ಟು ದಾಸ್ತಾನಿಡಿ. ಎಷ್ಟು ಉಳಿದಿವೆಯೆಂದು ಬಾಗಿಲ ಪಕ್ಕದ ಬೋರ್ಡಿನಲ್ಲಿ ದಿನವೂ ಬರೆಸಿ. ಹೆಂಗಸು ಕುರ್ಚಿಯಿಂದ ಏಳುವ ಮುನ್ನ ಅವಳ ಅಂಕಿಯನ್ನು ಅವಳಿಗೇ ಬಾಯಿಬಿಟ್ಟು ಹೇಳಬೇಕು, ಏಳಕ್ಕಿಂತ ಕಡಿಮೆ ಬಂದರೆ ಅಂದೇ ವಾಹನ ಬರಬೇಕು ಎಂದು ಲಿಖಿತ ಆದೇಶ ಹೊರಡಿಸಿ, ಅದರ ಪ್ರತಿಯನ್ನು ನಮ್ಮ ಡೇರಿಯ ಗೋಡೆಗೆ ಅಂಟಿಸಿ.