ತಾತನ ತಲಪರಿಗೆ

ತಾತ ಗುಡಿಗೆ ಹೋದದ್ದನ್ನು ನಾನು ಹೆಚ್ಚು ಕಂಡಿಲ್ಲ. ಕಳ್ಳಂಬೆಳ್ಳದ ಪಕ್ಕದ ನಮ್ಮೂರಿನ ಹಳ್ಳದಲ್ಲಿ ಒಂದು ತಲಪರಿಗೆ ಇದೆ. ಮರಳಿನಡಿಯಿಂದ ನೀರು ತಾನಾಗಿ ಉಕ್ಕುವ, ಆಳವಿಲ್ಲದ ಗುಂಡಿ. ಬೇಸಿಗೆ ಬಂತೆಂದರೆ ತಾತ ಪಂಚೆ ಎತ್ತಿ ಕಟ್ಟಿ, ಅದರೊಳಗಿಳಿದು ಹೂಳು ತೆಗೆಯುತ್ತಿದ್ದ. ಆಮೇಲೆ ಒರತೆಯ ಮೇಲೆ ಅಂಗೈ ಊರಿ, ತಣ್ಣಗೆ ನೀರು ಜಿನುಗುವವರೆಗೆ ಕಾದು, ಆ ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅಷ್ಟೇ ಅವನ ಪೂಜೆ. ಮನೆಮನೆಗೆ ನಲ್ಲಿ ಬಂದಮೇಲೂ ಬಿಡಲಿಲ್ಲ. ಈಗ ಯಾರು ಕುಡೀತಾರೆ ಎಂದು ಕೇಳಿದಾಗಲೆಲ್ಲ, "ಬಾಯಾರ್ದೋರು ಕುಡೀತಾರೆ ಕಣ್ಲಾ" ಎನ್ನುತ್ತಿದ್ದ.

ಒಮ್ಮೆ ಸೋದರತ್ತೆ ಕಾಶಿಯಿಂದ ಗಂಗೆಯ ಗಿಂಡಿ ತಂದುಕೊಟ್ಟಳು. ಸಾಯುವಾಗ ಬಾಯಿಗೆ ಬಿಡಲೆಂದು ಅದನ್ನು ತೆರೆಯದೆ ದೇವರ ಗೂಡಿನಲ್ಲಿಡುವುದು ನಮ್ಮಲ್ಲಿ ರೂಢಿ. ತಾತ ಮಾರನೆಯ ದಿನವೇ ಒಯ್ದು ತಲಪರಿಗೆಗೆ ಸುರಿದುಬಂದ.

"ಸಾಯೋವಾಗ ನಿಮ್ ಬಾಯಿಗೆ ಏನ್ ಬುಡ್ಲಿ?" ಅಜ್ಜಿ ಕೂಗಾಡಿದಳು.

"ನನ್ನೊಬ್ಬನ್ ಬಾಯಿಗ್ ಯಾಕೆ? ಎಲ್ರೂ ಕುಡೀಲಿ ಬುಡು," ಎಂದ ತಾತ.

ಅಜ್ಜಿ ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಹೋದ ವರ್ಷ ತಾತನಿಗೆ ಕೊನೆಯ ಉಸಿರು ಎಳೆಯತೊಡಗಿದಾಗ ಅಪ್ಪ ನಲ್ಲಿಯ ನೀರು ಹಿಡಿದುತಂದ. ಅಜ್ಜಿ ತಡೆದಳು. ತಾನೇ ಹಳ್ಳಕ್ಕಿಳಿದು ಚೊಂಬು ತುಂಬಿ ತಂದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನಿಹನಿಯಾಗಿ ಬಾಯಿಗೆ ಬಿಟ್ಟಳು.

"ಕುಡೀರಿ," ಎಂದಳು, "ನಿಮ್ ಕಾಶಿ."