ಏಳನೆಯ ಬೋಲ್ಟು

—ಅಥವಾ ಮಸೀದಿಯ ಬಾಂಗ್ ಕೇಳಿಸುವ ಮೊದಲೇ ಮುರಿದಿತ್ತೋ ಏನೋ. ನನ್ನ ನೆನಪನ್ನು ನಾನು ನಂಬುವುದಿಲ್ಲ. ನನಗೆ ಅನುಕೂಲವಾಗುವಂತೆ ಅದು ಹೊತ್ತು ಬದಲಿಸುತ್ತದೆ. ಆದರೆ ನಿನ್ನ ಕಾರಿನ ಎಂಜಿನ್ ಮುಚ್ಚಳದ ಬೋಲ್ಟು ಮುರಿದದ್ದು ನನ್ನ ಕೈಯಲ್ಲಿ, ಹಮೀದ್. ಅದನ್ನು ಅಂಟಿಸಿ ಮುಚ್ಚಿಟ್ಟವನೂ ನಾನೇ. ಆರು ವರ್ಷ ಹೇಳಲಿಲ್ಲ.

ಸೌದಿಯ ಅಲ್ ಖರ್ಜ್‌ನಲ್ಲಿ ನಿನ್ನ ಬಾಡಿಗೆ ಮನೆಯ ಅಂಗಳ, ಶುಕ್ರವಾರ. ಮುಚ್ಚಳದಡಿಯ ಗ್ಯಾಸ್ಕೆಟ್ ಒಣಗಿ, ಆಯಿಲ್ ಒಸರಿ, ಬಿಸಿ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿತ್ತು. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನಿನ್ನ ತಾಯಿ ಉಮ್ಮನನ್ನು ಮುಂದಿನ ಗುರುವಾರ ನೀನು ಮದೀನಾಕ್ಕೆ ಕರೆದೊಯ್ಯಬೇಕಿತ್ತು. ಡೈರಿಯಲ್ಲಿ ಯಂತ್ರ ರಿಪೇರಿ ಮಾಡುವ ನಾನಿರುವಾಗ ಗ್ಯಾರೇಜು ಯಾಕೆ—ಹಾಗೆಂದದ್ದು ನೀನೋ, ನಾನೋ? ನಾನೇ ಇರಬೇಕು.

ಹಳೆಯ ರಬ್ಬರು ಕೆರೆದು ತೆಗೆದೆವು, ಹೊಸದನ್ನು ಕೂರಿಸಿದೆವು. ಅಷ್ಟರಲ್ಲಿ ಅಸರ್, ಇಳಿಹೊತ್ತಿನ ನಮಾಜಿನ ಬಾಂಗ್. ನೀನು ಕೈ ತೊಳೆದು ಮಸೀದಿಗೆ ಹೊರಡುತ್ತಾ, ಊರಲ್ಲಿ ನಮ್ಮಂಥ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು ತಮಾಷೆ ಮಾಡಿದೆ: "ಪೊರ್ಬುಗಳೇ, ಬೋಲ್ಟು ಮುಟ್ಟಬೇಡಿ. ನಾನು ಬಂದ ಮೇಲೆ ಬಿಗಿಯುವ. ನಿಮ್ಮದು ಡೈರಿಯ ದೊಡ್ಡ ಯಂತ್ರ ಬಿಗಿಯುವ ಕೈ, ನನ್ನ ಕಾರು ಮುದುಕಿ."

ಈ ದೇಶದಲ್ಲಿ ನಮಾಜಿನ ಹೊತ್ತೆಂದರೆ ನನಗೆ ಕಾಯುವ ಹೊತ್ತು. ನಮಾಜಿಗೆಂದು ಇಳಿಸಿದ ಅಂಗಡಿ ಶಟರುಗಳೆದುರು, ಚಹಾ ಅಂಗಡಿಯ ಹೊರಗೆ—ವರ್ಷಗಟ್ಟಲೆ ಕಾದಿದ್ದೇನೆ. ಆ ದಿನ ಮಾತ್ರ ಕಾಯಲಿಲ್ಲ. ನೀನು ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕಿತ್ತು, ಅಷ್ಟೇ. ಮೆಲ್ಲಗೆ ಬಿಗಿಯಬೇಕಾದ ಸಣ್ಣ ಬೋಲ್ಟುಗಳು. ಏಳನೆಯದು—ಎಂಟನೆಯದೋ—ಟಕ್ಕೆಂದಿತು. ತಲೆ ಕಳಚಿ ನನ್ನ ಅಂಗೈಗೆ ಬಂತು.

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಉಮ್ಮ ಕೇಳಿದರು: "ಎಂತ ಸದ್ದು, ಮಗಾ?"

"ಎಂತ ಇಲ್ಲ ಉಮ್ಮ."

ಒಳಗೆ ಉಳಿದ ತುಂಡು ತೆಗೆಯಲು ಗ್ಯಾರೇಜೇ ಬೇಕಿತ್ತು. ಗುರುವಾರಕ್ಕೆ ಇನ್ನೂ ಆರು ದಿನವಿತ್ತು, ಸಮಯ ಸಾಕಿತ್ತು. ನಾನು ಆ ತಲೆಗೆ ಸಿಲಿಕಾನ್ ಅಂಟು ಹಚ್ಚಿ ಅದರ ಜಾಗದಲ್ಲೇ ಕೂರಿಸಿದೆ. ಉಳಿದವುಗಳಂತೆಯೇ ಕಾಣುತ್ತಿತ್ತು. ನೀನು ಬಂದು, ಎಲ್ಲ ಬಿಗಿದಾಯ್ತಾ ಎಂದು ಕೇಳಿದೆ. ಆಯ್ತು ಎಂದೆ. ಎಂಜಿನ್ ಶುರುಮಾಡಿ ನೋಡಿದೆವು; ಒಂದು ಹನಿಯೂ ಬೀಳಲಿಲ್ಲ.

ಗುರುವಾರ ಮಧ್ಯಾಹ್ನ, ಮದೀನಾದ ದಾರಿಯಲ್ಲಿ ಕಸೀಮ್ ದಾಟಿದ ಮೇಲೆ ಎಲ್ಲಿಂದಲೋ ನೀನು ಫೋನು ಮಾಡಿದೆ. "ಎಂಜಿನ್ ಜಾಮ್ ಆಯ್ತು ಮಾರಾಯ. ಆಯಿಲೇ ಇಲ್ಲ. ಹೊರಡುವಾಗ ನಾನು ನೋಡ್ಲಿಲ್ಲ, ನನ್ನದೇ ತಪ್ಪು."

ಆಗ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ—ಈ ಮಾತಿನ ಬಗ್ಗೆ ಮಾತ್ರ ನನ್ನ ನೆನಪಿಗೆ ಅನುಮಾನವಿಲ್ಲ: "ನೋಡ್ಬೇಕಿತ್ತು ನೀನು."

ರಸ್ತೆ ಬದಿಯ ಬಿಸಿಲಿನಲ್ಲಿ ಕೂತು ಉಮ್ಮನ ರಕ್ತದೊತ್ತಡ ಏರಿತು; ಮದೀನಾ ಬಿಟ್ಟು ಹಿಂದಿರುಗಿದಿರಿ. ಅದೇ ವಾರ ವೀಸಾ ಮುಗಿಯಿತು. ಈಗ ಅವರ ಮೊಣಕಾಲು ವಿಮಾನದ ಮೆಟ್ಟಿಲು ಹತ್ತುವುದಿಲ್ಲ. ಮನೆಗೆ ಬಂದವರಿಗೆಲ್ಲ ಹೇಳುತ್ತಾರಂತೆ: ಮದೀನಾ ಕಾಣಲಿಲ್ಲ, ಮಗನಿಗೆ ಕಾರಿನ ಮೇಲೆ ಗಮನವಿರಲಿಲ್ಲ. ಮೊನ್ನೆ ವಿಡಿಯೋ ಕಾಲಿನಲ್ಲಿ ನನ್ನೆದುರೇ ಅಂದರು. ನೀನು ತಲೆ ತಗ್ಗಿಸಿ ನಕ್ಕೆ. ನಾನೂ—ನಕ್ಕೆ ಅನಿಸುತ್ತದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳುವ ಮುಖವಿಲ್ಲ, ಮುಚ್ಚಿಟ್ಟು ದಣಿದಿದ್ದೇನೆ. ಮೊದಲು ನೀನು ಓದು. ಆಮೇಲೆ ಉಮ್ಮನಿಗೆ ನಾನೇ ಹೇಳುತ್ತೇನೆ.

ಆಯಿಲ್ ಹೋದದ್ದು ಆ ಬೋಲ್ಟಿನ ಸಂದಿನಿಂದಲೋ, ಬೇರೆಲ್ಲಿಂದಲೋ—ನನಗೆ ಗೊತ್ತಿಲ್ಲ. ಗ್ಯಾರೇಜಿನವನ ಕೈಗೆ ಆ ತಲೆ ಸಿಕ್ಕಿತೋ, ಸಿಕ್ಕಿದ್ದನ್ನು ನಿನಗೆ ತೋರಿಸಿದನೋ, ಗೊತ್ತಿಲ್ಲ. ಅಂದಿನ ಸದ್ದು ಉಮ್ಮನಿಗೆ ಮರೆತುಹೋಗಿದೆಯೋ, ಅಥವಾ ನೆನಪಿದ್ದೂ ನನ್ನೆದುರು ನಿನ್ನನ್ನೇ ಬೈಯುತ್ತಾರೋ—ಅದೂ ನನಗೆ ಗೊತ್ತಿಲ್ಲ.