ಬೋಟಿನಲ್ಲಿ ಎರಡು ತಾಟು

ನಾನು ಸಾಲಿ ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ, ಏಳನೆಯ ಇಯತ್ತೆಯ ನಟ್ಟನಡುವೆ. ಭೂಗೋಳದ ಪುಸ್ತಕದಲ್ಲಿ ಆಗಷ್ಟೇ ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟಿತ್ತು. ಅದು ಸಮುದ್ರ ಸೇರುವ ಪಾಠ ಮುಂದಿನ ವಾರ ಇತ್ತು. ಆ ವಾರ ನಾನು ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪನ ಮಗ್ಗದ ಮುಂದೆ ನಿಂತಿದ್ದೆ. ಅಪ್ಪ ಕೆಮ್ಮು ಹತ್ತಿ ಹಾಸಿಗೆ ಹಿಡಿದಿದ್ದ, ನನ್ನ ಕೈ ಮಗ್ಗದ ಹಿಡಿಕೆಗೆ ನಿಲುಕುತ್ತಿತ್ತು. ಅಷ್ಟು ಕಾರಣ ಸಾಕಾಯಿತು. ಹೀಗಾಗಿ ನನ್ನ ಪಾಲಿಗೆ ಆ ನದಿ ಇನ್ನೂ ಸಮುದ್ರ ಮುಟ್ಟಿಲ್ಲ. ಎಲ್ಲೋ ಜಮಖಂಡಿಯ ಆಸುಪಾಸಿನಲ್ಲಿ, ಚಿಕ್ಕಪಡಸಲಗಿಯ ಬ್ಯಾರೇಜಿಗೆ ಆತುಕೊಂಡು ನಿಂತಿದೆ.

ಓದದೇ ಉಳಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ನಾಲ್ಕು ದಶಕ ಪಾವರ್‌ಲೂಮ್ ಓಡಿಸಿದ್ದೇನೆ. ಯಾರ ಬಾಗಿಲಿಗೂ ಕೆಲಸ ಕೇಳಿಕೊಂಡು ಹೋಗಿಲ್ಲ. ನಾನು ನೇಯ್ದ ಸೀರೆಯ ಅಂಚಿನ ದಡಿ ನೀರಿಗೆ ಬಿದ್ದು ಮುದುಡಿತು ಎಂದು ಯಾವ ಹೆಂಗಸೂ ಇದುವರೆಗೆ ಅಂದಿಲ್ಲ. ಅಂದಿದ್ದರೂ ನನಗೆ ಕೇಳಿಸಿರಲಿಕ್ಕಿಲ್ಲ. ಮಗ್ಗದವರ ಕಿವಿಯ ಕಥೆ ಹಾಗೇ. ಆರು ಮಗ್ಗಗಳ ಖಟಪಟದಲ್ಲಿ ಬೆಳೆದ ಕಿವಿ ಸಣ್ಣ ಮಾತನ್ನು ಮಾತೆಂದು ಒಪ್ಪುವುದಿಲ್ಲ. ನಮ್ಮ ದನಿಯೂ ಅದಕ್ಕೆ ತಕ್ಕಂತೆ ದೊಡ್ಡದಾಗಿದೆ. ಸತ್ತವರ ಮನೆಗೆ ಮಾತಾಡಿಸಲು ಹೋದರೆ ಜಗಳಕ್ಕೆ ಬಂದವನಂತೆ ಕೇಳಿಸುತ್ತೇನೆ. ಚಹಾದ ಅಂಗಡಿಯಲ್ಲಿ ನಾನು ಫೋನು ಎತ್ತಿದರೆ ಪಕ್ಕದವರು ತಮ್ಮ ಬಶಿ ಹಿಡಿದುಕೊಂಡು ಆಚೆಯ ಬೆಂಚಿಗೆ ಎದ್ದು ಹೋಗುತ್ತಾರೆ.

ಆದರೆ ಮಗ್ಗದ ಮನೆಯೊಳಗೆ ನಾವು ಕೂಗುವುದಿಲ್ಲ, ನೋಡಿ. ಕೂಗಿ ಉಪಯೋಗವಿಲ್ಲ. ಅಲ್ಲಿ ಕೈಮಾತು. ಎರಡು ಮುಷ್ಟಿ ಕೂಡಿಸಿ ಫಕ್ಕನೆ ಬೇರೆ ಮಾಡಿದರೆ ಎಳೆ ಹರಿದಿದೆ ಎಂದು. ತೋರುಬೆರಳು ಮೇಲೆತ್ತಿ ತಿರುಗಿಸಿದರೆ, ಲಾಳಿಯೊಳಗಿನ ಕಂಡಿಕಿಯ ನೂಲು ತೀರಲಿ, ಆಮೇಲೆ ಬರುತ್ತೇನೆ ಎಂದು. ನನ್ನ ಹೆಂಡತಿ ನೀಲವ್ವ ಈ ಭಾಷೆಯಲ್ಲಿ ಪಂಡಿತೆ. ಗೋಡೆಯ ಪಕ್ಕ ಕುಳಿತು ಕಂಡಿಕಿ ಸುತ್ತುತ್ತಲೇ ಊರ ಸುದ್ದಿ, ಮಗಳ ಸುದ್ದಿ, ನನ್ನ ಬೈಗಳು ಎಲ್ಲವನ್ನೂ ಗಾಳಿಯಲ್ಲಿ ಬರೆದು ಕಳಿಸುತ್ತಿದ್ದಳು. ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತು ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ಯುವಳು. ಆಮೇಲೆ ಎಡ ಅಂಗೈಯ ಮೇಲೆ ಬಲಗೈಯಿಂದ ಎರಡು ಸಲ ತಟ್ಟುವಳು. ಊಟಕ್ಕೆ ಬಾ, ರೊಟ್ಟಿ ಬಿಸಿ ಇದೆ. ನಾನು ಬೆರಳು ತಿರುಗಿಸುವೆ. ಅವಳು ಕೈ ಮೇಲಿಂದ ಕೆಳಗೆ ಜಗ್ಗುವಳು. ಈಗ ಬರುತ್ತೀಯೋ, ಮೋಟಾರಿನ ಪಟ್ಟಾ ಇಳಿಸಲೋ ಎಂದು ಅದರ ಅರ್ಥ. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಪಟ್ಟಾ ಇಳಿಸಲಿಲ್ಲ. ನಾನೂ ಒಮ್ಮೆಯೂ ಕಂಡಿಕಿ ತೀರುವ ಮುಂಚೆ ಹೋಗಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಮೂರು ದಿನ ಜ್ವರ ಬಂದು ಹೋಗಿಬಿಟ್ಟಳು.

ಊಟಕ್ಕೆ ನನಗೆ ತೊಂದರೆಯಿಲ್ಲ. ಮಗ್ಗಕ್ಕೆ ಬರುವ ಹೆಣ್ಣುಮಗಳೊಬ್ಬಳು ಎರಡೂ ಹೊತ್ತಿನದು ಮಾಡಿಟ್ಟು ಹೋಗುತ್ತಾಳೆ. ಮುಧೋಳದಲ್ಲಿರುವ ಮಗಳು ದಿನಾ ಸಂಜೆ ಫೋನು ಹಚ್ಚಿ ಉಂಡೆಯೋ ಇಲ್ಲವೋ ಎಂದು ಕೇಳುತ್ತಾಳೆ. ಉಂಡೆಯೋ ಎಂದು ಕೇಳುವವರು ಇದ್ದಾರೆ, ಊಟಕ್ಕೆ ಬಾ ಎನ್ನುವವರು ಇಲ್ಲ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಯಾವ ಇಯತ್ತೆಯಲ್ಲಿ ಕಲಿಸುತ್ತಾರೋ, ಏಳನೆಯದರ ಅರ್ಧದವರೆಗಂತೂ ಕಲಿಸಿರಲಿಲ್ಲ. ಇಲ್ಲಿಗೇ ಬಂದು ಇರು ಎಂದು ಮಗಳು ಹೇಳುತ್ತಾಳೆ. ನೋಡೋಣ ಎನ್ನುತ್ತೇನೆ. ನನ್ನಂಥವನು ನೋಡೋಣ ಎಂದರೆ ಇಲ್ಲ ಎಂದು ಅವಳಿಗೂ ಗೊತ್ತು.

ಕಷ್ಟವಾಗುವುದು ಸೂಟಿಯ ದಿನ. ವಾರಕ್ಕೊಂದು ದಿನ ಮಗ್ಗ ನಿಂತಾಗ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತದೆ. ಅಂಥ ಒಂದು ಸೂಟಿಯಲ್ಲಿ ಚಹಾದ ಅಂಗಡಿಯ ಗೋಡೆಗೆ ಅಂಟಿಸಿದ್ದ ಕಾಗದ ಓದಿದೆ. ಬ್ಯಾರೇಜಿನ ಹಿನ್ನೀರಿನಲ್ಲಿ ಬೋಟು, ಎರಡು ಕಡೆ ಈಜು, ಹೊತ್ತು ಮುಳುಗುವುದನ್ನು ನೋಡುತ್ತ ಊಟ. ನನಗೆ ನಗು ಬಂತು. ಹೊತ್ತು ಮುಳುಗುವುದನ್ನು ನೋಡಲು ನೀರಿನ ನಡುವೆ ಏಕೆ ಹೋಗಬೇಕು, ಅದು ಎಲ್ಲ ಕಡೆಯೂ ಮುಳುಗುತ್ತದಲ್ಲ. ನಕ್ಕು ಮುಗಿಸಿ ನಂಬರು ಒತ್ತಿದೆ. ಆ ಕಡೆಯವನು ಎಷ್ಟು ಮಂದಿ ಎಂದು ಕೇಳಿದ. ಇಬ್ಬರು ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮದುವೆಗೆ, ಜಾತ್ರೆಗೆ, ಬಸ್ಸಿನ ಕಂಡಕ್ಟರನಿಗೆ ಇಷ್ಟು ವರ್ಷ ಹೇಳುತ್ತ ಬಂದ ಸಂಖ್ಯೆ ಅದು, ನಾಲಿಗೆಗೆ ಬೇರೆಯದು ಬರಲಿಲ್ಲ. ತಿದ್ದಬಹುದಿತ್ತು. ಒಬ್ಬನೇ ಎಂದರೆ, ಯಾಕ ಒಬ್ಬರೇ ಎಂದು ಕೇಳುತ್ತಾನೆ. ಅಪರಿಚಿತರ ಅಯ್ಯೋಪಾಪವನ್ನು ನಾನು ಎಂದೂ ಮನೆಯೊಳಗೆ ಬಿಟ್ಟುಕೊಂಡವನಲ್ಲ. ಫೋನು ಇಟ್ಟೆ.

ದಂಡೆಗೆ ಹೋದಾಗ ಹತ್ತು ಹನ್ನೆರಡು ಜನ ಆಗಲೇ ಬೋಟಿನಲ್ಲಿ ಕುಳಿತಿದ್ದರು. ಬೋಟಿನವನ ಹೆಸರು ಮಲ್ಲಪ್ಪ, ಕಬ್ಬು ಬೆಳೆಯುವ ರೈತ. ಕಬ್ಬಿನ ಕೆಲಸವಿಲ್ಲದ ದಿನಗಳಲ್ಲಿ ಈ ದಂಧೆ ಹಿಡಿದಿದ್ದ. ನೀರಿನಲ್ಲಿ ತೇಲಿಸುವ ಕೇಸರಿ ಜಾಕೀಟು ಎರಡು ತಂದು ನನ್ನ ಕೈಗಿಟ್ಟು ಸುತ್ತ ನೋಡಿದ.

"ಕಾಕಾರ, ಕಾಕೂ ಎಲ್ಲಿ ಅದಾರ್ರಿ?"

ಆಗ ಹೇಳಿಬಿಡಬೇಕಿತ್ತು. ಹಿಂದಿನಿಂದ ಬರುತ್ತಾಳೆ ಎಂದೆ.

ಪಾಪದ ಮನುಷ್ಯ, ಇಂಜಿನ್ನು ಹಚ್ಚಲಿಲ್ಲ. ಕಾಕೂ ಬರಲಿ, ಆಮೇಲೆ ಬಿಡೋಣ ಎಂದು ಎಲ್ಲರಿಗೂ ಸಾರಿದ. ಹೊತ್ತು ಇಳಿಯುತ್ತಿತ್ತು. ಅದನ್ನು ನೋಡಲೆಂದೇ ಬಂದವರು ಅದಕ್ಕೆ ಬೆನ್ನು ತಿರುಗಿಸಿ ನನ್ನ ಹೆಂಡತಿಯ ದಾರಿ ನೋಡುತ್ತ ಕುಳಿತರು. ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಬಂತು, ಹೋಯಿತು. ದೂರದಲ್ಲಿ ಹಸಿರು ಸೀರೆಯುಟ್ಟ ಹೆಂಗಸೊಬ್ಬಳು ಕಂಡಾಗ ಬೋಟಿನಲ್ಲಿ ಯಾರೋ ಬಂದರು ಬಂದರು ಎಂದರು. ಖರೆ ಹೇಳಬೇಕೆಂದರೆ ನಾನೂ ಕತ್ತು ಎತ್ತಿ ನೋಡಿದೆ. ಆಕೆ ಎಮ್ಮೆಯ ಹಿಂದೆ ಗದ್ದೆಗೆ ಇಳಿದು ಹೋದಳು. ಫೋನು ಹಚ್ಚಿ ನೋಡಿ ಎಂದು ಮಲ್ಲಪ್ಪ ಹೇಳಿದ. ನೀಲವ್ವನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಎಲ್ಲರೂ ನೋಡುತ್ತಿದ್ದರಲ್ಲ, ಹಚ್ಚಿ ಕಿವಿಗೆ ಹಿಡಿದೆ.

"ಹತ್ತೂದಿಲ್ಲ," ಎಂದೆ. "ಬಿಡು ತಮ್ಮಾ, ಆಕಿ ಬರೂದಿಲ್ಲ."

ಎರಡೂ ಖರೆಯ ಮಾತೇ. ಆದರೂ ಅವುಗಳಿಂದ ಒಂದು ಸುಳ್ಳನ್ನು ಎಷ್ಟು ಚೆನ್ನಾಗಿ ನೇಯ್ದೆನೆಂದರೆ, ಹಿಂದಿನ ಸಾಲಿನ ಒಬ್ಬ ಹುಡುಗಿ ತನ್ನ ಗಂಡನಿಗೆ, ಮನೆಯಲ್ಲಿ ಜಗಳವಾಗಿರಬೇಕು ಎಂದದ್ದು ನನ್ನ ಕಿವಿಗೂ ಕೇಳಿಸಿತು.

ಬೋಟು ಹೊರಟಿತು. ಪಕ್ಕದ ಸೀಟಿನ ಮೇಲೆ ನೀಲವ್ವನ ಜಾಕೀಟು ಕುಳಿತಿತ್ತು. ಇಂಜಿನ್ನಿನ ಗದ್ದಲ ನನಗೆ ಹಿತವಾಗಿತ್ತು. ಸುಮಾರು ಎರಡು ಮಗ್ಗ ಓಡಿದಷ್ಟು ಸದ್ದು. ತುಸು ಹೊತ್ತು ಹೋದ ಮೇಲೆ ಮರಳಿನ ದಿನ್ನೆಯೊಂದರ ಹತ್ತಿರ ಮಲ್ಲಪ್ಪ ಇಂಜಿನ್ನು ಬಂದ್ ಮಾಡಿದ. ಸದ್ದು ಫಕ್ಕನೆ ನಿಂತಿತು. ನಾನು ಫಕ್ಕನೆ ಎದ್ದು ನಿಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸದ್ದು ನಿಂತರೆ ನೇಕಾರನ ಮೈ ತಾನಾಗಿ ಏಳುತ್ತದೆ. ಕರೆಂಟು ಹೋಯಿತೋ, ಎಳೆ ಹರಿಯಿತೋ, ಯಾವ ಮಗ್ಗ ನಿಂತಿತೋ ಎಂದು ಕೈ ಹುಡುಕುತ್ತದೆ. ಗದ್ದಲದಲ್ಲಿ ಹಾಯಾಗಿ ನಿದ್ದೆ ಮಾಡುವವರು ನಾವು. ಕರೆಂಟು ಹೋದರೆ ನಮ್ಮ ಓಣಿಯಲ್ಲಿ ಎಲ್ಲರೂ ಎಚ್ಚರಾಗಿ ಹೊರಗೆ ಬರುತ್ತೇವೆ. ಆ ರೂಢಿಯಲ್ಲೇ ಎದ್ದವನು ಮಗ್ಗದವರ ದನಿಯಲ್ಲಿ "ಕರೆಂಟ್ ಹೋತು" ಎಂದೂ ಸಾರಿಬಿಟ್ಟೆ. ಕೃಷ್ಣೆಯ ನಡುನೀರಿನಲ್ಲಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂಡಬೇಕೆಂದು ನೋಡಿದರೆ, ಬೋಟಿನ ಮುಂದಿನ ತುದಿಯಲ್ಲಿ ಇನ್ನೊಬ್ಬರೂ ಎದ್ದು ನಿಂತಿದ್ದರು. ಎಪ್ಪತ್ತೈದರ ಮೇಲಿನ ಮುದುಕಿ, ಮಗ ಸೊಸೆಯ ಜೊತೆ ಬಂದವಳು. ಅವಳ ಬಲಗೈಯೂ ನನ್ನದರಂತೆಯೇ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಸಿಕ್ಕಿಬಿದ್ದವರಂತೆ ಕುಳಿತೆವು.

ಆ ನಿಲುಗಡೆಯಲ್ಲಿ ನಾನು ನೀರಿಗೆ ಇಳಿಯಲಿಲ್ಲ, ಅವಮಾನ ಆರಬೇಕಿತ್ತು. ಮೊಸಳಿ ಇವೆಯೇ ಎಂದು ಯಾರೋ ಕೇಳಿದರು. ಇವೆ, ಆದರೆ ಈ ಕಡೆ ಬರುವುದಿಲ್ಲ ಎಂದು ಮಲ್ಲಪ್ಪ ಹೇಳಿದ. ಈ ಮಾತು ಮೊಸಳಿಗಳಿಗೆ ತಿಳಿಸಿದೆಯೇನಪ್ಪ ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ. ಬೇಕೆಂದು ಹೇಳಿದ ಮಾತಿಗೆ ಜನ ನಗುವುದು ಕಡಿಮೆ.

ಎರಡನೆಯ ನಿಲುಗಡೆಗೆ ಹೋಗುವಷ್ಟರಲ್ಲಿ ಹೊತ್ತು ನೀರಿಗೆ ಮುಟ್ಟಲು ಬಂದಿತ್ತು. ಎಲ್ಲರೂ ಆಹಾ ಎನ್ನುತ್ತಿದ್ದರು. ನಾನು ಕಸುಬಿನ ಕಣ್ಣಿನಿಂದ ನೋಡಿದೆ. ಕೆಂಪು ಸೆರಗು ಛಲೋ ಇತ್ತು. ಆದರೆ ದಡಿಯ ಹತ್ತಿರ ಬಣ್ಣ ಒಡಲಿಗೆ ಹರಡಿತ್ತು. ನಾನು ಹಾಗೆ ನೇಯ್ದು ಒಯ್ದಿದ್ದರೆ ವ್ಯಾಪಾರಿ ತಿರುಗಿಸಿ ಮುಖಕ್ಕೆ ಎಸೆಯುತ್ತಿದ್ದ. ಇದನ್ನು ಹೇಳಲು ಪಕ್ಕಕ್ಕೆ ತಿರುಗಿದೆ. ಜಾಕೀಟು ಇತ್ತು.

ಅಂಗಿ ಕಳಚಿಟ್ಟು ನೀರಿಗೆ ಹಾರಿದೆ. ಜಾಕೀಟು ಹಾಕದೆ ಬಿಡುವುದಿಲ್ಲ ಎಂದು ಮಲ್ಲಪ್ಪ ಹಟ ಹಿಡಿದದ್ದರಿಂದ ಹಾಕಿಕೊಂಡೇ ಹಾರಿದೆ. ಈಜು ಕಲಿಸಲು ಅಪ್ಪ ನನ್ನ ಸೊಂಟಕ್ಕೆ ಒಣ ಬೆಂಡು ಕಟ್ಟಿ ಬಾವಿಗೆ ನೂಕಿದ್ದ, ಮೂರನೆಯ ದಿನಕ್ಕೇ ಬೆಂಡು ಬಿಚ್ಚಿ ಒಗೆದಿದ್ದೆ. ಐವತ್ತಾರಕ್ಕೆ ಮತ್ತೆ ಬೆಂಡು. ಸಿಟ್ಟಿನಲ್ಲಿ ಕೈ ಬೀಸಿದೆ, ಬೀಸುತ್ತ ಬಹಳ ದೂರ ಹೋದೆ. ನೀರಿನಲ್ಲಿ ಕಿವಿ ಮುಳುಗಿದಾಗ ಯಾವ ಸದ್ದೂ ಇರಲಿಲ್ಲ. ಸೂಟಿಯ ದಿನದ ನಮ್ಮ ಮನೆಗಿಂತ ದೊಡ್ಡ ಮೌನ. ಅಂಗಾತ ತೇಲುತ್ತ ಒಂದು ವಿಚಾರ ಬಂತು. ನಿಮ್ಮೊಬ್ಬರಿಗೇ ಹೇಳುತ್ತೇನೆ, ಮಗಳಿಗೆ ಹೇಳಿಲ್ಲ. ಇಲ್ಲಿಂದ ತಿರುಗಿ ಹೋಗಲು ನನಗೇನೂ ಅವಸರವಿಲ್ಲವಲ್ಲ ಎಂದು. ಸಾಯುವ ವಿಚಾರವಲ್ಲ. ಬರೀ ಅವಸರವಿಲ್ಲ ಅಷ್ಟೇ. ಆದರೆ ನೀರು ತಣ್ಣಗಾಗುತ್ತಿತ್ತು, ತೋಳು ಸೋತಿದ್ದವು, ಬೋಟಿನಿಂದ ಇನ್ನೂ ದೂರ ಸರಿಯುತ್ತಲೇ ಇದ್ದೆ.

ತಲೆ ಎತ್ತಿ ನೋಡಿದಾಗ ಬೋಟಿನ ತುದಿಯಲ್ಲಿ ಮಲ್ಲಪ್ಪ ಕೂಗುತ್ತಿರುವಂತೆ ಕಂಡಿತು. ಕೇಳಿಸಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ಆ ಮುದುಕಿ ಬಂದು ನಿಂತಳು. ಅವಳು ಕೂಗಲಿಲ್ಲ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದಳು. ಆಮೇಲೆ ಎಡ ಅಂಗೈಯ ಮೇಲೆ ಎರಡು ಸಲ ತಟ್ಟಿದಳು.

ನೀರಿನೊಳಗಿಂದ ನನ್ನ ಕೈ ತಾನಾಗಿ ಮೇಲೆ ಬಂತು. ತೋರುಬೆರಳು ತಿರುಗಿಸಿದೆ. ಕಂಡಿಕಿ ತೀರಲಿ.

ಅವಳು ಕೈ ಮೇಲಿಂದ ಕೆಳಗೆ ಜಗ್ಗಿದಳು, ಸಿಟ್ಟಿನಿಂದ.

ಆಯುಷ್ಯದಲ್ಲಿ ಮೊದಲ ಸಲ ಕಂಡಿಕಿ ತೀರುವ ಮುಂಚೆ ಹೊರಟೆ. ತಿರುಗಿ ಈಜಿದ್ದು ಎಷ್ಟು ಕಷ್ಟವಾಯಿತೆಂದರೆ, ಕೊನೆಗೆ ಆ ಜಾಕೀಟಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮಲ್ಲಪ್ಪ ರಟ್ಟೆ ಹಿಡಿದು ಮೇಲೆ ಎಳೆದುಕೊಂಡ.

ಅಷ್ಟರಲ್ಲಿ ಊಟ ಬಡಿಸಿದ್ದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ತುಂಡು ಬೆಲ್ಲ. ಇಬ್ಬರೆಂದು ಹೇಳಿದ್ದಕ್ಕೆ ನನ್ನ ಮುಂದೆ ಎರಡು ತಾಟು. ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಚೆಲ್ಲಬಾರದೆಂದು ಕೈಯಲ್ಲಿ ಹಿಡಿದು ಒದ್ದೆಮೈಯಲ್ಲಿ ಕುಳಿತೆ. ಹೀಗೆ ಹಿಡಿದರೆ ಉಣ್ಣಲು ಮೂರನೆಯ ಕೈ ಬೇಕು ಎಂಬುದು ತಡವಾಗಿ ಹೊಳೆಯಿತು. ಮುದುಕಿ ಬೋಟು ಹಿಡಿದುಕೊಳ್ಳುತ್ತ ನನ್ನ ಸಾಲಿಗೆ ಬಂದಳು. ಹೆಸರು ಗೌರವ್ವ, ರಬಕವಿಯವಳು, ನಲವತ್ತು ವರ್ಷ ಕಂಡಿಕಿ ಸುತ್ತಿದ ಕೈ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವಳು ಖಾಲಿ ಸೀಟಿನ ಕಡೆ ಗದ್ದ ಆಡಿಸಿ, ಹುಬ್ಬು ಏರಿಸಿದಳು, ಅಷ್ಟೇ. ಎಲ್ಲಿ ಆಕೆ?

ಸುತ್ತ ಜನ ಇದ್ದರು. ಬಾಯಿ ತೆರೆದರೆ ನನ್ನ ದನಿ ಇಡೀ ಹಿನ್ನೀರಿಗೆ ಕೇಳುತ್ತಿತ್ತು. ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟು, ಎರಡು ಮುಷ್ಟಿ ಕೂಡಿಸಿ ಬೇರೆ ಮಾಡಿದೆ.

ಗೌರವ್ವ ಆ ಮುಷ್ಟಿಗಳನ್ನು ನೋಡಿದಳು. ಪಾಪ ಎನ್ನಲಿಲ್ಲ, ಯಾವಾಗ ಎಂದು ಕೇಳಲಿಲ್ಲ. ಜಾಕೀಟನ್ನು ಎತ್ತಿ ಕೆಳಗಿಟ್ಟು ಸೀಟಿನ ಮೇಲೆ ಕುಳಿತಳು.

"ಎರಡ ತಾಟ ಇಟಗೊಂಡ ಏನ್ ಮಾಡ್ತಿ ತಮ್ಮಾ? ಒಂದ ಇತ್ತಾಗ ತಾ," ಎಂದಳು. "ರೊಟ್ಟಿ ಆರಾಕತ್ತೈತಿ."

ಕೊಟ್ಟೆ. ಇಬ್ಬರೂ ಉಂಡೆವು. ಎಣ್ಣೆಗಾಯಿಗೆ ಉಪ್ಪು ಕಡಿಮೆ ಎಂದು ಅವಳು ಕೈಯಲ್ಲಿ ಹೇಳಿದಳು. ಹೌದೆಂದು ನಾನೂ ಕೈಯಲ್ಲೇ ಹೇಳಿದೆ. ಸೊಸೆ ಬಹಳ ಮಾತಾಡುತ್ತಾಳೆ ಎಂದು ಅವಳು ಹೇಳುವಾಗ ಸೊಸೆ ಎದುರಿಗೇ ಕುಳಿತು ನಮ್ಮನ್ನು ನೋಡಿ ನಗುತ್ತಿದ್ದಳು. ಹಿಂದಿನ ಸಾಲಿನ ಹುಡುಗಿ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ ಎಂದುಕೊಂಡಳೋ ಏನೋ, ಕರೆಂಟು ಹೋದದ್ದನ್ನು ಸಾರಿದವನು ನಾನೇ ಎಂಬುದನ್ನೂ ಮರೆತು. ಹೊತ್ತು ಯಾವಾಗ ಮುಳುಗಿತೋ ಇಬ್ಬರೂ ನೋಡಲಿಲ್ಲ.

ದಂಡೆಗೆ ಬಂದಾಗ ಮಲ್ಲಪ್ಪ ಎರಡು ಜಾಕೀಟನ್ನೂ ತಿರುಗಿ ಇಸಿದುಕೊಂಡ. ಮುಂದಿನ ಸಲ ಕಾಕೂನನ್ನು ಕರೆದುಕೊಂಡೇ ಬರಬೇಕು ಎಂದ. ಆಕೆ ಹೋಗಿ ವರ್ಷವಾಯಿತಪ್ಪ ಎಂದೆ. ಎಲ್ಲರಿಗೂ ಕೇಳಿಸಿತು. ಕೇಳಿಸಲಿ. ಮನೆಗೆ ಬಂದು ಬೀಗ ತೆಗೆದೆ, ಒಳಗೆ ಗಡಿಯಾರ ಸದ್ದು ಮಾಡುತ್ತಿತ್ತು. ಅದು ಒಂದು ದಿನದಲ್ಲಿ ನಿಲ್ಲುವ ಸದ್ದಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಗ್ಗ ಆರು, ಓಡುವವು ನಾಲ್ಕು. ಮಗಳು ಒಬ್ಬಳು, ಮೊಮ್ಮಕ್ಕಳು ಇಬ್ಬರು. ಓದಿದ ಇಯತ್ತೆ ಆರೂವರೆ. ಮನೆಯಲ್ಲಿ ಊಟಕ್ಕೆ ತಾಟು ಒಂದು. ಕೈಮಾತು ತಿಳಿಯುವವರು, ರಬಕವಿಯಲ್ಲಿ, ಒಬ್ಬರು.